ತಕ್ಕೋಲದ ಯುದ್ಧವನ್ನು ನೆನಪಿಟ್ಟುಕೊಂಡ ಆತಕೂರಿನ ಕಲ್ಲು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ನಿಮಗೆಲ್ಲ ಗೊತ್ತು. ಕೆಂಪು ಕಟ್ಟಡ. ಶಾಲೆಯ ಪ್ರವಾಸದಲ್ಲಿ ಒಮ್ಮೆಯಾದರೂ ಹೋಗಿ ಬಂದಿರುತ್ತೀರಿ. ಅಲ್ಲಿರುವ ಶಾಸನಗಳ ಪೈಕಿ ಒಂದು ಕಲ್ಲಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಅದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಗೂರಿನದು. ಕಲ್ಲಿನಲ್ಲಿ ಊರಿನ ಹೆಸರು ಆತುಕೂರು ಅಂತ ಇದೆ. ಚರಿತ್ರೆಯ ಪುಸ್ತಕಗಳಲ್ಲಿ ಅದು ಆತಕೂರು ಶಾಸನ.

ಈ ಕಲ್ಲಿನಲ್ಲಿ ಒಂದು ದೊಡ್ಡ ಯುದ್ಧದ ಸುದ್ದಿ ಇದೆ. ಕ್ರಿ.ಶ. 949ರ ಹೊತ್ತಿಗೆ ತಕ್ಕೋಲದಲ್ಲಿ ನಡೆದ ಯುದ್ಧ. ಒಂದು ಕಡೆ ರಾಷ್ಟ್ರಕೂಟರು, ಅವರ ಜೊತೆ ಗಂಗರು. ಎದುರಿಗೆ ಚೋಳರು. ಚೋಳರ ಯುವರಾಜ ಆ ದಿನ ಸತ್ತ. ದಕ್ಷಿಣ ಭಾರತದ ರಾಜಕೀಯ ಮುಂದಿನ ಕೆಲವು ದಶಕ ಬೇರೆ ದಾರಿ ಹಿಡಿಯಿತು. ಇಷ್ಟು ದೊಡ್ಡ ಯುದ್ಧದ ಕಲ್ಲು ಅಂದ ಮೇಲೆ ಅದರಲ್ಲಿ ಆನೆ, ಕುದುರೆ, ಕತ್ತಿ ಹಿರಿದ ರಾಜ ಎಲ್ಲ ಇರಬೇಕು ಅಂತ ಅನಿಸುತ್ತದೆ ಅಲ್ವಾ? ಅದು ಯಾವುದೂ ಇಲ್ಲ. ಒಂದು ನಾಯಿ ಇದೆ, ಒಂದು ಕಾಡುಹಂದಿ ಇದೆ. ಎರಡೂ ಕಾದಾಡುತ್ತಿವೆ.

ಆ ನಾಯಿಯ ಹೆಸರು ಕಾಳಿ. ಕಲ್ಲು ನಿಲ್ಲಿಸಿದ್ದು ಅವಳಿಗಾಗಿ. ತಕ್ಕೋಲದ ಯುದ್ಧ ಅದರಲ್ಲಿ ಬಂದಿರುವುದು ಕಾಳಿ ಯಾರು, ಎಲ್ಲಿಂದ ಬಂದಳು ಅಂತ ಹೇಳುವುದಕ್ಕೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೊದಲು ಯುದ್ಧದ ಕಡೆ ಹೋಗೋಣ.

ಹತ್ತನೆಯ ಶತಮಾನದ ಆರಂಭದಲ್ಲಿ ತಂಜಾವೂರಿನ ಚೋಳರು ಬೆಳೆಯುತ್ತಿದ್ದರು. 907ರಲ್ಲಿ ಪಟ್ಟಕ್ಕೆ ಬಂದ ಪರಾಂತಕ ಚೋಳ ಪಾಂಡ್ಯರನ್ನು ಗೆದ್ದ. ಉತ್ತರದಲ್ಲಿ ಬಾಣ ಮನೆತನದ ಅರಸರನ್ನು ಅವರ ನೆಲದಿಂದ ಎಬ್ಬಿಸಿದ. ಕಂಚಿ ಸುತ್ತಲಿನ ತೊಂಡೈಮಂಡಲ ಅವನ ಕೈಯಲ್ಲಿತ್ತು. ನೆಲ ಕಳೆದುಕೊಂಡವರು ಸುಮ್ಮನೆ ಕೂರುತ್ತಾರೆಯೇ? ಅವರು ಬಲ ಇದ್ದವರ ಆಸರೆಗೆ ಹೋಗುತ್ತಾರೆ. ಆಗ ಬಲ ಇದ್ದದ್ದು ಮಾನ್ಯಖೇಟದ ರಾಷ್ಟ್ರಕೂಟರಿಗೆ. ಮಾನ್ಯಖೇಟ ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಲ್ಲಿ 939ರಲ್ಲಿ ಮೂರನೆಯ ಕೃಷ್ಣ ಪಟ್ಟಕ್ಕೆ ಬಂದ. ನಮ್ಮ ಶಾಸನಗಳು ಅವನನ್ನು ಕನ್ನರದೇವ ಅಂತ ಕರೆಯುತ್ತವೆ. ಕವಿ ಪೊನ್ನನಿಗೆ ಉಭಯಕವಿಚಕ್ರವರ್ತಿ ಅಂತ ಬಿರುದು ಕೊಟ್ಟವನು ಇವನೇ.

ನಡುವೆ ಗಂಗರು. ತಲಕಾಡು ಅವರ ರಾಜಧಾನಿ, ಗಂಗವಾಡಿ ತೊಂಬತ್ತಾರು ಸಾವಿರ ಅವರ ನಾಡು. ಹೀಗೆ ನಾಡಿನ ಹೆಸರಿನ ಜೊತೆ ಬರುವ ಅಂಕಿ ಅದರ ಹಳ್ಳಿಗಳ ಲೆಕ್ಕ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇವತ್ತಿನ ಮೈಸೂರು, ಮಂಡ್ಯ, ಬೆಂಗಳೂರು, ಕೋಲಾರದ ಕಡೆಯ ನೆಲ ಅದು. ಅಲ್ಲಿ ಬೂತುಗ ಅನ್ನುವವನು ತನ್ನ ಮನೆತನದವನೇ ಆದ ರಾಚಮಲ್ಲನನ್ನು ಕೊಂದು ಪಟ್ಟಕ್ಕೆ ಬಂದ. ಇದನ್ನು ಆತಕೂರಿನ ಕಲ್ಲು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಎರೆಯಪ್ಪನ ಮಗ ರಾಚಮಲ್ಲನನ್ನು ಬೂತುಗ ಕಾದಿ ಕೊಂದು ತೊಂಬತ್ತಾರು ಸಾವಿರವನ್ನು ಆಳುತ್ತಿರಲು ಅಂತ. ಬೂತುಗನ ಬೆನ್ನಿಗೆ ರಾಷ್ಟ್ರಕೂಟರು ಇದ್ದರು. ಕೃಷ್ಣನ ಅಕ್ಕ ರೇವಕನಿಮ್ಮಡಿ ಬೂತುಗನ ಹೆಂಡತಿ. ಅಂದರೆ ಚಕ್ರವರ್ತಿ ಮತ್ತು ಗಂಗರಾಜ ಭಾವ ಭಾಮೈದ. ತಕ್ಕೋಲಕ್ಕೆ ಹೊರಟ ಸೈನ್ಯದ ನಡುವೆ ಇಂಥ ಮನೆಯ ಸಂಬಂಧವೂ ಇತ್ತು.

ಆ ಕಡೆ ಪರಾಂತಕನಿಗೂ ಉತ್ತರದಿಂದ ಏನು ಬರುತ್ತದೆ ಅನ್ನುವ ಅಂದಾಜಿತ್ತು. ತನ್ನ ಹಿರಿಯ ಮಗ ರಾಜಾದಿತ್ಯನನ್ನು ತಿರುಮುನೈಪ್ಪಾಡಿ ನಾಡಿನಲ್ಲಿ ಸೈನ್ಯದ ಸಮೇತ ಇರಿಸಿದ್ದ. ಇವತ್ತಿನ ವಿಲ್ಲುಪುರಂ, ಕಡಲೂರು ಕಡೆಯ ಸೀಮೆ ಅದು. ರಾಜಾದಿತ್ಯನ ಪರಿವಾರದವರು ಅಲ್ಲಿನ ತಿರುನಾವಲೂರು, ಗ್ರಾಮಂ ಗುಡಿಗಳಿಗೆ ಕೊಟ್ಟ ದತ್ತಿಯ ಶಾಸನಗಳು ಉಳಿದಿವೆ. ಅವನ್ನು ಓದಿದರೆ ವರ್ಷಗಟ್ಟಲೆ ಬೀಡುಬಿಟ್ಟು ಕಾಯುತ್ತಿದ್ದ ಒಂದು ಸೈನ್ಯ ಕಣ್ಣಿಗೆ ಕಟ್ಟುತ್ತದೆ.

ಎರಡೂ ಸೈನ್ಯ ಎದುರಾದದ್ದು ತಕ್ಕೋಲದಲ್ಲಿ. ಇವತ್ತು ಅದು ತಮಿಳುನಾಡಿನ ರಾಣಿಪೇಟೆ ಜಿಲ್ಲೆಯಲ್ಲಿ, ಅರಕ್ಕೋಣಂ ಹತ್ತಿರ ಇರುವ ಸಣ್ಣ ಊರು. ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋಗುವವರು ಅರಕ್ಕೋಣಂ ನಿಲ್ದಾಣ ನೋಡಿರುತ್ತೀರಿ. ಅಲ್ಲಿಂದ ಸ್ವಲ್ಪ ದೂರ.

ಆ ದಿನ ಏನಾಯಿತು? ಇಲ್ಲಿ ನಮಗೆ ಒಂದು ಅಪರೂಪದ ಅದೃಷ್ಟ ಇದೆ. ಗೆದ್ದವರ ಮಾತೂ ಉಳಿದಿದೆ, ಸೋತವರ ಮಾತೂ ಉಳಿದಿದೆ. ಚೋಳರ ತಾಮ್ರಪಟಗಳು ಹೇಳುವುದು ಹೀಗೆ: ಸೂರ್ಯವಂಶದ ವೀರ ರಾಜಾದಿತ್ಯ ಕೃಷ್ಣರಾಜನ ಸೈನ್ಯವನ್ನು ಬಾಣಗಳಿಂದ ನಡುಗಿಸಿದ. ಆನೆಯ ಮೇಲೆ ಕೂತಿದ್ದಾಗಲೇ ಎದೆಗೆ ಚೂಪಾದ ಬಾಣ ನಾಟಿತು. ಅವನು ವೀರಸ್ವರ್ಗಕ್ಕೆ ಹೋದ. ಸತ್ತ ಮೇಲೆ ತಮಿಳು ಶಾಸನಗಳಲ್ಲಿ ಅವನಿಗೆ ಆನೈಮೇಲ್ ತುಂಜಿನ ದೇವರ್ ಅಂತ ಹೆಸರು ಬಂತು. ಆನೆಯ ಮೇಲೆ ಕಣ್ಣು ಮುಚ್ಚಿದ ದೊರೆ. ಸೋತವರು ತಮ್ಮ ರಾಜಕುಮಾರನನ್ನು ಎಷ್ಟು ಪ್ರೀತಿಯಿಂದ ನೆನೆದಿದ್ದಾರೆ ನೋಡಿ.

ನಮ್ಮ ಕಲ್ಲಿನಲ್ಲಿ ಬಾಣದ ಮಾತಿಲ್ಲ. ಬೂತುಗ ರಾಜಾದಿತ್ಯನ ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಸುರಿಗೆಯಿಂದ ಇರಿದು ಕೊಂದ ಅಂತ ಇದೆ. ಸುರಿಗೆ ಅಂದರೆ ಚಿಕ್ಕ ಕತ್ತಿ. ಬಾಣವೋ ಸುರಿಗೆಯೋ, ಎರಡು ಕಡೆಯವರ ಮಾತು ಕೂಡುವುದಿಲ್ಲ. ಆದರೆ ಆನೆಯ ಮೇಲೆಯೇ ಸತ್ತ ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ ಇದೆ. ಶತ್ರುಗಳಿಬ್ಬರೂ ಒಂದೇ ವಿವರ ಹೇಳಿದರೆ ಅದನ್ನು ಗಟ್ಟಿಯಾಗಿ ನಂಬಬಹುದು.

ಈ ಸಾಲಿನಿಂದ ಬೂತುಗನಿಗೆ ಒಂದು ಕೆಟ್ಟ ಹೆಸರು ಬಂದಿತ್ತು. ಶಾಸನವನ್ನು ಮೊದಮೊದಲು ಓದಿ ಪ್ರಕಟಿಸಿದ ಬ್ರಿಟಿಷ್ ಶಾಸನತಜ್ಞ ಫ್ಲೀಟ್ ಇದಕ್ಕೆ ಬೇರೆ ಅರ್ಥ ಮಾಡಿದ್ದರು. ಅಪ್ಪಿಕೊಳ್ಳುವ ನೆಪದಲ್ಲಿ ಮೋಸದಿಂದ ಇರಿದ ಅಂತ. ಹಾಗಾಗಿ ಬೂತುಗ ಕಪಟಿ ಅನ್ನುವ ಮಾತು ಪುಸ್ತಕಗಳಿಗೆ ಹೋಯಿತು. ಆಮೇಲೆ ಅಕ್ಷರಗಳನ್ನು ಮತ್ತೆ ನೋಡಿ ಫ್ಲೀಟರೇ ಅದನ್ನು ತಿದ್ದಿದರು. ಅಪ್ಪುಗೆಯೂ ಇಲ್ಲ, ಮೋಸವೂ ಇಲ್ಲ. ಆನೆಗೆ ಆನೆ ತಾಗಿಸಿ, ಅಂಬಾರಿಗೆ ಹಾರಿ ಕಾದಾಡಿದ ದೃಶ್ಯ ಅದು. ಆದರೆ ಮೊದಲ ಮಾತು ಹೋದಷ್ಟು ದೂರ ತಿದ್ದುಪಡಿ ಹೋಗಲಿಲ್ಲ. ಈಗಲೂ ಕೆಲವು ಕಡೆ ಬೂತುಗನ ಮೋಸದ ಕಥೆ ಕೇಳಿಬರುತ್ತದೆ. ಯಾರಾದರೂ ಹೇಳಿದರೆ ದಯವಿಟ್ಟು ತಿದ್ದಿ. ಸಾವಿರ ವರ್ಷದ ಹಿಂದೆ ಸತ್ತವನಿಗೂ ನ್ಯಾಯ ಸಿಗಬೇಕು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ತಕ್ಕೋಲದ ನೆನಪಿನ ಇನ್ನೊಂದು ಕಲ್ಲು ಚೆನ್ನೈನ ತಿರುವೊಟ್ರಿಯೂರಿನ ಗುಡಿಯಲ್ಲಿದೆ. ಅದು ಚತುರಾನನ ಪಂಡಿತ ಎಂಬ ಸನ್ಯಾಸಿಯ ಶಾಸನ. ಅವನು ಹುಟ್ಟಿದ್ದು ಕೇರಳದಲ್ಲಿ. ಚೋಳನಾಡಿಗೆ ಬಂದು ರಾಜಾದಿತ್ಯನಿಗೆ ಆಪ್ತನಾದ. ಯುದ್ಧದ ದಿನ ತನ್ನ ಒಡೆಯನ ಜೊತೆ ಸಾಯುವುದಕ್ಕೆ ಅವನಿಗೆ ಆಗಲಿಲ್ಲ. ಆ ಕೊರಗಿನಲ್ಲಿ ಎಲ್ಲವನ್ನೂ ಬಿಟ್ಟು, ಗಂಗೆಯಲ್ಲಿ ಮಿಂದು, ಸನ್ಯಾಸ ತೆಗೆದುಕೊಂಡು ತಿರುವೊಟ್ರಿಯೂರಿನ ಮಠಕ್ಕೆ ಸೇರಿದ. ಆ ಶಾಸನದ ಕಾಲ ನಮೂದಾಗಿರುವುದು ಯಾರ ಆಳ್ವಿಕೆಯ ಲೆಕ್ಕದಲ್ಲಿ ಗೊತ್ತೇ? ಗೆದ್ದ ಕನ್ನರದೇವನ ಆಳ್ವಿಕೆಯ ಲೆಕ್ಕದಲ್ಲಿ. ಆಗ ಆ ನೆಲ ರಾಷ್ಟ್ರಕೂಟರ ಕೈಯಲ್ಲಿತ್ತು. ಒಡೆಯನನ್ನು ಕೊಂದವನ ಹೆಸರಿನ ಕೆಳಗೆ ಒಡೆಯನಿಗಾಗಿ ಪಟ್ಟ ದುಃಖ ಬರೆದಿದೆ. ನನಗೆ ಈ ಸನ್ಯಾಸಿಯನ್ನು ಬಿಟ್ಟು ತಕ್ಕೋಲದ ಬಗ್ಗೆ ಮಾತಾಡಲು ಮನಸ್ಸು ಬರುವುದಿಲ್ಲ. ನಾವು ಕನ್ನಡಿಗರು ಈ ಯುದ್ಧವನ್ನು ನಮ್ಮ ಗೆಲುವು ಅಂತ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳೋಣ. ಹೇಳುವಾಗ ಇವನೂ ನೆನಪಿರಲಿ.

ಈಗ ಮಣಲೆರನಿಗೆ ಬರೋಣ. ಕಲ್ಲು ನಿಲ್ಲಿಸಿದವನು ಅವನು. ಸಗರವಂಶದವನು, ವಲಭೀಪುರದ ಒಡೆಯರ ಕುಲದವನು ಅಂತ ಹೇಳಿಕೊಳ್ಳುತ್ತಾನೆ. ವಲಭಿ ಇರುವುದು ಗುಜರಾತಿನಲ್ಲಿ. ಅವನ ಹಿರಿಯರು ಯಾವಾಗಲೋ ಅಲ್ಲಿಂದ ಬಂದವರು ಅನ್ನುವ ಹೆಮ್ಮೆ ಇದ್ದಿರಬೇಕು. ಬೂತುಗನಂಕಕಾರ ಅನ್ನುವುದು ಅವನ ಬಿರುದುಗಳಲ್ಲಿ ಒಂದು. ಅಂಕಕಾರ ಅಂದರೆ ಒಡೆಯನ ಪರವಾಗಿ ಕಣಕ್ಕೆ ಇಳಿದು ಕಾದುವ ವೀರ. ತಕ್ಕೋಲದಲ್ಲಿ ಬೂತುಗನ ಮುಂದೆ ನಿಂತು ಅವನು ಕಾದಿದ. ಮುಂದೆ ನಿಲ್ಲುವುದು ಅಂದರೆ ಸಣ್ಣ ಮಾತಲ್ಲ. ಒಡೆಯನಿಗೆ ಬರುವ ಏಟು ಮೊದಲು ಬೀಳುವುದು ಅವನ ಮೇಲೆ.

ಯುದ್ಧ ಮುಗಿಯಿತು. ಕನ್ನರದೇವ ಮಣಲೆರನನ್ನು ನೋಡಿ, ಮೆಚ್ಚಿದೆಂ ಬೇಡಿಕೊಳ್ ಅಂದ. ಮೆಚ್ಚಿದ್ದೇನೆ, ಏನು ಬೇಕೋ ಕೇಳು. ಗುಜರಾತಿನ ಅಂಚಿನಿಂದ ಕಂಚಿಯವರೆಗೆ ಯಾರ ಮಾತು ನಡೆಯುತ್ತದೋ ಅಂಥ ಚಕ್ರವರ್ತಿ, ಆಗಷ್ಟೇ ಗೆದ್ದ ಹುರುಪಿನಲ್ಲಿ, ಕೇಳು ಅಂತಾನೆ. ಊರು ಕೇಳಬಹುದಿತ್ತು. ಚಿನ್ನ ಕೇಳಬಹುದಿತ್ತು. ಆನೆ ಕುದುರೆ ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿಯನ್ನು. ರಾಜನ ಹತ್ತಿರ ಇದ್ದ ಬೇಟೆನಾಯಿಯನ್ನು.

ಯಾಕೆ ಕೇಳಿದ? ಕಲ್ಲು ಕಾರಣ ಹೇಳುವುದಿಲ್ಲ. ನನ್ನ ಅನಿಸಿಕೆ ಹೇಳುತ್ತೇನೆ. ದಂಡಿನ ಜೊತೆ ಬೇಟೆನಾಯಿಗಳೂ ಹೋಗುತ್ತಿದ್ದವು. ಬೀಡಿನಲ್ಲಿ ತಿಂಗಳುಗಟ್ಟಲೆ ಇರುವಾಗ ಬೇಟೆ ಆಗಿನವರ ದೊಡ್ಡ ಖುಷಿ, ಊಟದ ದಾರಿಯೂ ಹೌದು. ಮಣಲೆರ ಈ ನಾಯಿಯ ಓಟ, ಅದರ ಧೈರ್ಯ ನೋಡಿರಬೇಕು. ಮನಸ್ಸು ಅಲ್ಲೇ ನಿಂತಿರಬೇಕು. ರಾಜನ ನಾಯಿಯನ್ನು ಮಾಮೂಲಿ ದಿನದಲ್ಲಿ ಕೇಳಲು ಆಗುವುದಿಲ್ಲ. ಕೇಳು ಅಂತ ಅವನೇ ಬಾಯಿಬಿಟ್ಟು ಹೇಳಿದಾಗ, ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು. ಇದರಲ್ಲಿ ಲೆಕ್ಕಾಚಾರ ಇತ್ತು, ರಾಜನ ಪ್ರೀತಿಯ ವಸ್ತು ಪಡೆಯುವುದು ದೊಡ್ಡ ಗೌರವ ಅನ್ನುವವರೂ ಇದ್ದಾರೆ. ಇರಬಹುದು. ಆದರೆ ಆಮೇಲೆ ಅವನು ಮಾಡಿದ್ದನ್ನು ನೋಡಿದರೆ ನನಗೆ ಪ್ರೀತಿಯೇ ಜಾಸ್ತಿ ಕಾಣುತ್ತದೆ.

ನಾಯಿಯನ್ನು ಕರೆದುಕೊಂಡು ಮಣಲೆರ ಊರಿಗೆ ಬಂದ. ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಒಂದು ಭಾರಿ ಹಂದಿ ಎದ್ದಿತು. ಅದರ ಮೇಲೆ ಕಾಳಿಯನ್ನು ಬಿಟ್ಟರು. ಕಾಡುಹಂದಿಯ ಬೇಟೆ ನೋಡಿದವರಿಗೆ ಗೊತ್ತು. ಹುಲಿಯೂ ಯೋಚನೆ ಮಾಡುವ ಪ್ರಾಣಿ ಅದು. ಕೋರೆಯಿಂದ ಒಂದು ಸಲ ಸೀಳಿದರೆ ನಾಯಿಯ ಕರುಳು ಹೊರಗೆ. ಕಾಳಿ ಹಿಂದೆ ಸರಿಯಲಿಲ್ಲ. ಶಾಸನದ ಮಾತು ಒಡಸತ್ತುವು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಶಾಸನದಲ್ಲಿ ಬಿರುದುಗಳಿಗೆ ಸಾಲುಗಟ್ಟಲೆ ಜಾಗ ಇದೆ. ಕಾಳಿಯ ಸಾವಿಗೆ ಒಂದೇ ಮಾತು.

ಆಮೇಲೆ ಮಣಲೆರ ಏನು ಮಾಡಿದ? ಆತುಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಬೀಜ ಹಿಡಿಯುವಷ್ಟು ಗದ್ದೆ ಕೊಟ್ಟ. ಕೆರೆಯ ಕೆಳಗಿನ ಗದ್ದೆ ಅಂದರೆ ಊರಿನಲ್ಲೇ ಒಳ್ಳೆಯ ನೆಲ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯ ನೀರು ಮೊದಲು ಹರಿದು ಬರುವ ಜಾಗ ಅದು. ಅಂಥ ಗದ್ದೆಯ ಬೆಳೆ ನಾಯಿಯ ಕಲ್ಲಿನ ಪೂಜೆಗೆ.

ಅಷ್ಟಕ್ಕೇ ಬಿಡಲಿಲ್ಲ. ಈ ನೆಲವನ್ನು ಹಾಳು ಮಾಡಿದ ಒಕ್ಕಲಾಗಲಿ, ನಾಡನ್ನು ಆಳುವವನಾಗಲಿ, ಊರನ್ನು ಆಳುವವನಾಗಲಿ, ಆ ನಾಯಿ ಮಾಡಿದ ಪಾಪವನ್ನು ಹೊತ್ತುಕೊಳ್ಳುತ್ತಾನೆ ಅಂತ ಬರೆಸಿದ. ಗುಡಿ ನೋಡಿಕೊಳ್ಳುವ ಗೊರವನಿಗೂ ಒಂದು ಎಚ್ಚರಿಕೆ ಇದೆ. ಆ ಕಲ್ಲನ್ನು ಪೂಜಿಸದೆ ಅವನು ಊಟ ಮಾಡಿದರೆ ಅವನಿಗೂ ಆ ಪಾಪ. ನಮ್ಮ ಶಾಸನಗಳಲ್ಲಿ ಸಾಮಾನ್ಯವಾಗಿ ದಾನ ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆ ಹಸು ಕೊಂದ ಪಾಪ ಅಂತ ಇರುತ್ತದೆ. ಇಲ್ಲಿ ಪಾಪದ ಅಳತೆಗೂ ನಾಯಿಯೇ ಬಂದಿದೆ. ಬೇಟೆನಾಯಿ ಜೀವಮಾನದಲ್ಲಿ ಎಷ್ಟು ಜೀವ ತೆಗೆದಿರುತ್ತದೆ! ಅಷ್ಟೂ ಪಾಪ ನಿನ್ನ ತಲೆಗೆ ಅಂತ ಅರ್ಥ. ಶಿವನ ಗುಡಿಯ ಗೊರವ ದಿನವೂ ನಾಯಿಯ ಕಲ್ಲಿಗೆ ಪೂಜೆ ಮಾಡಿಯೇ ಉಣ್ಣಬೇಕು. ನಾಯಿಗೆ ಗುಡಿಯ ಹತ್ತಿರ ಏನು ಕೆಲಸ ಅನ್ನುವ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ? ಹತ್ತನೆಯ ಶತಮಾನದ ಒಬ್ಬ ಯೋಧ ಆ ಕೆಲಸ ಏನು ಅಂತ ಕಲ್ಲಿನಲ್ಲಿ ಬರೆಸಿಟ್ಟಿದ್ದಾನೆ.

ಮುಖ್ಯ ಬರಹ ಇಲ್ಲಿಗೆ ಮುಗಿಯುತ್ತದೆ. ಇದಲ್ಲದೆ ಕಲ್ಲಿನಲ್ಲಿ ಇನ್ನೊಂದು ಚಿಕ್ಕ ಭಾಗ ಇದೆ. ಬೂತುಗ ರಾಜಾದಿತ್ಯನನ್ನು ಸುರಿಗೆಯಿಂದ ಕೊಂದ ವಿವರ ಬರುವುದು ಅದರಲ್ಲಿ. ಗಮನಿಸಿ, ಮುಖ್ಯ ಬರಹದಲ್ಲಿ ರಾಜಾದಿತ್ಯನ ಮೇಲೆ ಹೋಗಿ ತಕ್ಕೋಲದಲ್ಲಿ ಕಾದಿ ಕೊಂದವನು ಕನ್ನರದೇವ. ಈ ಚಿಕ್ಕ ಭಾಗದಲ್ಲಿ ಕೊಂದವನು ಬೂತುಗ. ಒಂದೇ ಕಲ್ಲಿನಲ್ಲಿ ಎರಡು ಮಾತು. ನನಗೆ ಇದು ಸುಳ್ಳು ಅನಿಸುವುದಿಲ್ಲ. ಯುದ್ಧದ ಯಶಸ್ಸು ಚಕ್ರವರ್ತಿಯ ಹೆಸರಿಗೆ ಹೋಗುವುದು ಆಗಿನ ರೀತಿ. ಅದನ್ನು ಮೊದಲು ಹೇಳಿ ಮುಗಿಸಿದರು. ಆಮೇಲೆ ನಿಜವಾಗಿ ಅಂಬಾರಿ ಹತ್ತಿದವನು ಯಾರು ಅನ್ನುವುದನ್ನೂ ಬಿಡಲಿಲ್ಲ. ಅಲ್ಲಿದ್ದು ನೋಡಿದವನು ಬರೆಸಿದ ಕಲ್ಲು ಇದು.

ಬೂತುಗನಿಗೆ ಸಿಕ್ಕ ಬಹುಮಾನದ ಪಟ್ಟಿಯೂ ಅಲ್ಲೇ ಇದೆ. ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಬೆಳ್ವೊಲ ಅಂದರೆ ಗದಗ, ಅಣ್ಣಿಗೇರಿಯ ಸುತ್ತ. ಪುರಿಗೆರೆ ಅಂದರೆ ಲಕ್ಷ್ಮೇಶ್ವರ. ಕಿಸುಕಾಡು ಅಂದರೆ ಪಟ್ಟದಕಲ್ಲಿನ ಸುತ್ತ. ಬಾಗೆನಾಡು ಅಂದರೆ ಬಾಗಲಕೋಟೆಯ ಸೀಮೆ. ಕಾವೇರಿ ತೀರದ ಗಂಗನ ಕೈಗೆ ಮಲಪ್ರಭಾ ತೀರದ ನಾಡುಗಳು ಬಂದವು. ಇಲ್ಲಿ ಒಂದು ತೊಡಕಿದೆ. ಧಾರವಾಡ ಸೀಮೆಯ ಹೆಬ್ಬಾಳದ ಒಂದು ಶಾಸನ, ಇದಾಗಿ ಸುಮಾರು ಇಪ್ಪತ್ತೈದು ವರ್ಷದ ಮೇಲಿನದು. ಅದರ ಪ್ರಕಾರ ಇವುಗಳಲ್ಲಿ ಪುರಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆನಾಡು ಬೂತುಗನಿಗೆ ಬಂದದ್ದು ರೇವಕನಿಮ್ಮಡಿಯ ಮದುವೆಯಲ್ಲಿ ಬಳುವಳಿಯಾಗಿ. ಒಂದು ಶಾಸನ ಯುದ್ಧದ ಬಹುಮಾನ ಅನ್ನುತ್ತದೆ, ಇನ್ನೊಂದು ತವರಿನ ಕೊಡುಗೆ ಅನ್ನುತ್ತದೆ. ಮೊದಲೇ ಕೊಟ್ಟಿದ್ದನ್ನು ಗೆದ್ದ ಮೇಲೆ ಗಟ್ಟಿಮಾಡಿ, ಬನವಾಸಿಯನ್ನು ಹೊಸದಾಗಿ ಸೇರಿಸಿದರು ಅಂತ ತಿಳಿದರೆ ಎರಡೂ ಹೊಂದಿಕೊಳ್ಳುತ್ತವೆ. ಮನೆಯ ಹೆಣ್ಣುಮಗಳ ಪಾಲಿನ ನೆಲ ಗಂಡಸರ ಯುದ್ಧದ ಲೆಕ್ಕಕ್ಕೆ ಸೇರಿಕೊಂಡಿತು ಅಂತಲೂ ಇದನ್ನು ಓದಬಹುದು.

ಮಣಲೆರನಿಗೆ ಬೂತುಗನ ಕಡೆಯಿಂದಲೂ ಬಹುಮಾನ ಬಂತು. ಆತುಕೂರು ಹನ್ನೆರಡು, ಜೊತೆಗೆ ಬೆಳ್ವೊಲದಲ್ಲಿ ಒಂದು ಊರು. ಅದನ್ನು ಬಾಳ್ಗಚ್ಚಾಗಿ ಕೊಟ್ಟ ಅಂತ ಇದೆ. ಬಾಳು ಅಂದರೆ ಕತ್ತಿ. ಯುದ್ಧ ಮುಗಿಸಿ ಬಂದ ಯೋಧನ ಕತ್ತಿ ತೊಳೆದು ಕೊಡುವ ಮಾನ್ಯ ಅದು. ಅಂದರೆ ಊರು ಕೇಳದಿದ್ದರೂ ಅವನಿಗೆ ಊರು ಬಂತು. ನಾಯಿಯನ್ನು ಮಾತ್ರ ಅವನೇ ಕೇಳಿ ಪಡೆದ. ಕಲ್ಲು ನಿಲ್ಲಿಸುವಾಗ ಯಾವುದನ್ನು ಚಿತ್ರವಾಗಿ ಕೆತ್ತಿಸಿದ ಅಂತ ನೀವೇ ನೋಡಿದ್ದೀರಿ.

ಚಕ್ರವರ್ತಿಗಳು ತಮ್ಮ ಬಗ್ಗೆ ತಾವು ಬರೆಸಿದ್ದೂ ಉಳಿದಿದೆ. ಇದೇ ಮೂರನೆಯ ಕೃಷ್ಣನ ಒಂದು ಕನ್ನಡ ಶಾಸನ ಮಧ್ಯಪ್ರದೇಶದ ಜೂರಾ ಅನ್ನುವ ಊರಿನಲ್ಲಿದೆ. ಅಷ್ಟು ದೂರ ಕನ್ನಡ ಹೋಗಿತ್ತು ಅಂತ ನಮಗೆ ಹೆಮ್ಮೆ ಆಗುತ್ತದೆ, ಆಗಬೇಕು. ಅದರಲ್ಲಿ ಇರುವುದು ರಾಜನ ಹೊಗಳಿಕೆ. ತಮಿಳುನಾಡಿನಲ್ಲಿ ಕಚ್ಚಿಯುಂ ತಂಜೈಯುಂ ಕೊಂಡ ಅಂತ ಅವನ ಬಿರುದು ಸಿಗುತ್ತದೆ, ಕಂಚಿ ಮತ್ತು ತಂಜಾವೂರನ್ನು ಗೆದ್ದವನು ಅಂತ. 959ರ ಕರ್ಹಾಡ ತಾಮ್ರಪಟ ಅವನ ಸೈನ್ಯ ರಾಮೇಶ್ವರದವರೆಗೆ ಹೋದದ್ದನ್ನು ಹೇಳುತ್ತದೆ. ಈ ಎಲ್ಲ ದಾಖಲೆಗಳಿಂದ ಇತಿಹಾಸಕಾರರಿಗೆ ಬೇಕಾದ ತಾರೀಖು, ದಾರಿ, ಗಡಿ ಸಿಗುತ್ತವೆ. ತಕ್ಕೋಲದಲ್ಲಿ ಒಡೆಯನ ಮುಂದೆ ನಿಂತವನ ಹೆಸರು ಸಿಗುವುದು ಆತಕೂರಿನಲ್ಲಿ. ಅಲ್ಲಿಂದ ಊರಿಗೆ ಬಂದ ನಾಯಿಯ ಹೆಸರು ಸಿಗುವುದೂ ಆತಕೂರಿನಲ್ಲಿ. ಯುದ್ಧಕ್ಕೆ ಹೋದವರು ಏನು ಹೊತ್ತು ತಂದರು, ಯಾವುದಕ್ಕೆ ಅತ್ತರು ಅನ್ನುವುದನ್ನು ತಿಳಿಯಬೇಕಾದರೆ ಅರಮನೆಯ ಕಲ್ಲುಗಳಿಗಿಂತ ಊರಿನ ಕಲ್ಲುಗಳನ್ನು ಓದಬೇಕು. ನಾನು ಇವತ್ತು ಈ ಕಲ್ಲನ್ನು ಆರಿಸಿಕೊಂಡದ್ದು ಅದಕ್ಕಾಗಿ.

ಇನ್ನು ಗೆದ್ದವರ ಕಥೆ. ಕೃಷ್ಣ ಸತ್ತದ್ದು 967ರಲ್ಲಿ. ಐದೇ ವರ್ಷದಲ್ಲಿ, 972ರಲ್ಲಿ, ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷ ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನೇ ಮುಗಿಸಿದ. ಬೂತುಗನ ಮಗ ಮಾರಸಿಂಹ ರಾಷ್ಟ್ರಕೂಟರ ಕುಡಿಯನ್ನು ಉಳಿಸಿಕೊಳ್ಳಲು ಹೆಣಗಿ, ಕೊನೆಗೆ ಸಲ್ಲೇಖನ ಹಿಡಿದ. ಆ ಮಾರಸಿಂಹನ ಮಂತ್ರಿಯೇ ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟ ಬಂದದ್ದು ತಕ್ಕೋಲದ ಯುದ್ಧವಾಗಿ ಮೂವತ್ತು ಚಿಲ್ಲರೆ ವರ್ಷಕ್ಕೆ.

ಚೋಳರು ಮತ್ತೆ ಎದ್ದರು. 985ರಲ್ಲಿ ರಾಜರಾಜ ಪಟ್ಟಕ್ಕೆ ಬಂದ. 1004ರ ಸುಮಾರಿಗೆ ತಲಕಾಡು ಚೋಳರ ವಶವಾಯಿತು, ಗಂಗರ ರಾಜ್ಯ ಮುಗಿಯಿತು. ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಬಿಡಿಸಿಕೊಂಡದ್ದು 1116ರಲ್ಲಿ. ನಡುವಿನ ನೂರಕ್ಕೂ ಹೆಚ್ಚು ವರ್ಷ ಗಂಗವಾಡಿಯ ಈ ಭಾಗವನ್ನು ಆಳಿದ್ದು ಚೋಳರು. ಇದನ್ನು ಕೇಳಿದಾಗ ನಿಮಗೇನು ಹೊಳೆಯುತ್ತದೆ? ತಮ್ಮ ಯುವರಾಜನನ್ನು ಕೊಂದ ಸುದ್ದಿ ಬರೆದ ಕಲ್ಲು ತಮ್ಮದೇ ಆಳ್ವಿಕೆಯ ಊರಿನಲ್ಲಿ, ಗುಡಿಯ ಮುಂದೆ ನಿಂತಿತ್ತು. ಅವರು ಅದನ್ನು ಒಡೆಯಲಿಲ್ಲ. ಹೆಸರನ್ನು ಉಳಿಯಿಂದ ಅಳಿಸಲಿಲ್ಲ. ಒಡೆದಿದ್ದರೆ ನಾವು ಇವತ್ತು ಬೂತುಗನ ಸುರಿಗೆಯ ಬಗ್ಗೆ ಮಾತಾಡುತ್ತಲೇ ಇರಲಿಲ್ಲ. ಪೂಜೆ ಆಗುತ್ತಿದ್ದ ಕಲ್ಲು ಅನ್ನುವ ಕಾರಣಕ್ಕೆ ಅದು ಉಳಿಯಿತು ಅಂತ ನನಗೆ ಅನಿಸುತ್ತದೆ. ನಾಯಿಯ ನೆನಪಿನ ಆಸರೆಯಲ್ಲಿ ಯುದ್ಧದ ನೆನಪು ಬದುಕಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕಲ್ಲು ಮತ್ತೆ ಎಲ್ಲರ ಕಣ್ಣಿಗೆ ಬಿತ್ತು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಊರೂರು ಶಾಸನಗಳನ್ನು ಓದಿಸಿ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ತರುತ್ತಿದ್ದ ಕಾಲ ಅದು. ಮೂರನೆಯ ಸಂಪುಟದಲ್ಲಿ ಆತಕೂರಿನ ಶಾಸನ ಇದೆ. ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ರಾಷ್ಟ್ರಕೂಟ, ಗಂಗ, ಚೋಳ ಮೂರೂ ವಂಶಗಳ ಕಾಲದ ಲೆಕ್ಕವನ್ನು ಒಟ್ಟಿಗೆ ಹೊಂದಿಸುವುದಕ್ಕೆ ಇದರ ತಾರೀಖು ಆಧಾರವಾಯಿತು. ಶಕ 872, ಸೌಮ್ಯ ಸಂವತ್ಸರ. ನಮ್ಮ ಲೆಕ್ಕದಲ್ಲಿ 949–50.

ಅದೇ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದ ಇನ್ನೊಂದು ಕಲ್ಲಿದೆ. ಎರಡನ್ನೂ ಒಂದೇ ದಿನ ನೋಡಿ. ಬೇಗೂರಿನ ಕಲ್ಲು ಇದಕ್ಕಿಂತ ಸುಮಾರು ಐವತ್ತು ವರ್ಷ ಹಳೆಯದು. ಅದೂ ಗಂಗರ ಕಾಲದ ಯುದ್ಧದ್ದೇ. ರಾಚಮಲ್ಲನ ತಂದೆ ಅಂತ ಆಗಲೇ ಹೆಸರು ಬಂತಲ್ಲ, ಆ ಎರೆಯಪ್ಪನ ಕಾಲದ್ದು. ನಾಗತ್ತರ ಅನ್ನುವವನು ತುಂಬೆಪಾಡಿಯ ಕಾಳಗದಲ್ಲಿ ಆನೆಗೆ ಎದುರಾಗಿ ಕಾದಿ ಸತ್ತ. ಅವನ ಪದವಿಯನ್ನು ಇರುಗ ಅನ್ನುವವನಿಗೆ ಕೊಟ್ಟು, ಬೆಂಪೂರು ಹನ್ನೆರಡನ್ನು ಎರೆಯಪ್ಪ ದತ್ತಿ ಮಾಡಿದ. ಬೆಂಪೂರು ಅಂದರೆ ಬೇಗೂರು. ಆ ಕಲ್ಲಿನ ತುಂಬ ಯುದ್ಧ ಇದೆ. ಕುದುರೆ ಸವಾರರು, ಬಿದ್ದವರು, ಬಿಲ್ಲು ಕತ್ತಿ ಹಿಡಿದವರು. ಕಾಳಗ ಹೇಗಿರುತ್ತಿತ್ತು ಅಂತ ತಿಳಿಯಲು ಬೇಗೂರಿನ ಕಲ್ಲಿನಷ್ಟು ಒಳ್ಳೆಯದು ಕಡಿಮೆ. ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ ಇನ್ನೊಂದು ವೀರಗಲ್ಲಿನಲ್ಲಿ ಬೆಂಗಳೂರ ಕಾಳಗ ಅನ್ನುವ ಮಾತಿದೆ. ಕೆಂಪೇಗೌಡರು ಪೇಟೆ ಕಟ್ಟುವುದಕ್ಕೆ ಆರು ಶತಮಾನ ಮೊದಲೇ ಬೆಂಗಳೂರು ಅನ್ನುವ ಹೆಸರು ಇತ್ತು ಅಂತ ನಮಗೆ ಗೊತ್ತಾದದ್ದು ಅದರಿಂದ. ಬೆಂಗಳೂರಿನವರು ಅದನ್ನು ಹೋಗಿ ನೋಡಲೇಬೇಕು.

ಮಾತು ಮುಗಿದ ಮೇಲೆ ಕೆಲವರು ಕೇಳಿದರು, ನಮ್ಮೂರಿನಲ್ಲೂ ಇಂಥ ಕಲ್ಲು ಇದೆ, ಏನು ಮಾಡಬೇಕು ಅಂತ. ಹೇಳುತ್ತೇನೆ. ಮೊದಲು ಅದಕ್ಕೆ ಪೇಂಟ್ ಹೊಡೆಯಬೇಡಿ, ಹೊಡೆಯುವವರಿದ್ದರೆ ಕೂತು ಮಾತಾಡಿ ತಡೆಯಿರಿ. ಪೇಂಟಿನ ಕೆಳಗೆ ಹೋದ ಅಕ್ಷರ ಮತ್ತೆ ಸಿಗುವುದು ಬಹಳ ಕಷ್ಟ. ಅಕ್ಷರ ಕಾಣಲಿ ಅಂತ ಮೊಳೆಯಿಂದ ಕೆರೆಯಬೇಡಿ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಹೋಗಿ. ಮಧ್ಯಾಹ್ನ ಏನೂ ಕಾಣದ ಕಲ್ಲಿನಲ್ಲಿ ಆಗ ಅಕ್ಷರಗಳು ನೆರಳಾಗಿ ಎದ್ದು ಬರುತ್ತವೆ. ಫೋಟೊ ತೆಗೆಯಿರಿ. ರಾತ್ರಿಯಾದರೆ ಟಾರ್ಚನ್ನು ಪಕ್ಕದಿಂದ ಹಿಡಿದರೂ ಆಗುತ್ತದೆ. ಶಾಸನ ತಜ್ಞರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅದನ್ನು ಕಲಿತವರೇ ಮಾಡಲಿ. ಕಲ್ಲು ಎಲ್ಲಿದೆ, ಯಾರ ಹೊಲದಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಊರಿನವರು ಅದನ್ನು ಏನಂತ ಕರೆಯುತ್ತಾರೆ, ವರ್ಷದಲ್ಲಿ ಯಾವಾಗ ಪೂಜೆ ಮಾಡುತ್ತಾರೆ, ಇಷ್ಟನ್ನು ಬರೆದು ಫೋಟೊದ ಜೊತೆ ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ರಸ್ತೆ ಅಗಲ ಮಾಡುವ ಕೆಲಸ ಊರಿಗೆ ಬರುತ್ತಿದ್ದರೆ ಅದಕ್ಕೂ ಮೊದಲೇ ಕಳಿಸಿ.